ಮಿಡತೆಯ ಬೆನ್ನು ಹತ್ತಿದ ವಿಜ್ಞಾನಿ ಡಾ. ಲೆಸ್ಲಿ ಕೋಲ್ಮನ್

ನಮ್ಮ ಬಾಪೂಜಿ ನಗರದ ಪಕ್ಕದಲ್ಲೇ ಹಾದುಹೋಗುವ ಮೈಸೂರು ರಸ್ತೆಯಲ್ಲಿ ಪ್ರಯಾಣ ಮಾಡಿದವರಿಗೆಲ್ಲ ಮಂಡ್ಯದ ಕಬ್ಬಿನ ಗದ್ದೆಗಳು ಪರಿಚಿತ. ಅಲ್ಲಿ 1933ರಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದಾಗ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್ ಎಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಯೋಜನೆಗಾಗಿ ದುಡಿದ ಕೃಷಿ ನಿರ್ದೇಶಕ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಅವರ ಹೆಸರು ಕೃಷಿ ವಿಜ್ಞಾನಿಗಳಿಗೆ ಚಿರಪರಿಚಿತವಾದರೂ ನಮ್ಮ ವಿದ್ಯಾರ್ಥಿಗಳಿಗೆ ಅಷ್ಟಾಗಿ ತಿಳಿದಿಲ್ಲ. ಕಬ್ಬಿನ ವಿಷಯ ಬರುವುದಕ್ಕೆ ಬಹಳ ಮೊದಲು ಅವರು ಈ ನಾಡಿಗೆ ಬಂದದ್ದು ಬೆಳೆಗಳನ್ನು ಹಾಳುಮಾಡುವ ಕೀಟ ಮತ್ತು ಶಿಲೀಂಧ್ರಗಳ ಅಧ್ಯಯನಕ್ಕಾಗಿ.

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ. ಟೊರಾಂಟೊದಲ್ಲಿ ಪದವಿ ಪಡೆದು, ಜರ್ಮನಿಯ ಗಟಿಂಗನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿ ಡಾಕ್ಟರೇಟ್ ಗಳಿಸಿದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದಾಗ ಅವರಿಗೆ ಮೂವತ್ತು ವರ್ಷ.

ಬಯಲುಸೀಮೆಯ ರೈತರನ್ನು ಆಗ ಕಾಡುತ್ತಿದ್ದ ಪಿಡುಗುಗಳಲ್ಲಿ ಜೋಳದ ಮಿಡತೆಯೂ ಒಂದು. ಬಡವರ ರೊಟ್ಟಿಯ ಬೆಳೆಯನ್ನೇ ಅದು ತಿಂದುಹಾಕುತ್ತಿತ್ತು. ಇಂದಿನಂತೆ ಅಂಗಡಿಗೆ ಹೋಗಿ ಔಷಧಿ ತಂದು ಹೊಡೆಯುವ ಕಾಲ ಅದಲ್ಲ. ಡಿಡಿಟಿ ಬಳಕೆಗೆ ಬಂದದ್ದೇ 1940ರ ದಶಕದಲ್ಲಿ. ಹೀಗಾಗಿ ಹುಳು ಎಲ್ಲಿ ಮೊಟ್ಟೆ ಇಡುತ್ತದೆ, ಯಾವಾಗ ಮರಿಯಾಗುತ್ತದೆ, ಹೇಗೆ ಹರಡುತ್ತದೆ ಎಂಬುದನ್ನು ಅರಿಯದೆ ರೈತನಿಗೆ ಬೇರೆ ದಾರಿಯೇ ಇರಲಿಲ್ಲ. ಕೋಲ್ಮನ್ ಹಿಡಿದದ್ದು ಇದೇ ದಾರಿಯನ್ನು.

ಈ ಮಿಡತೆಗೆ ಹಾರುವಂಥ ರೆಕ್ಕೆಗಳಿಲ್ಲ. ವರ್ಷಕ್ಕೆ ಒಂದೇ ಪೀಳಿಗೆ. ಮಳೆಗಾಲ ಮುಗಿಯುವ ಹೊತ್ತಿಗೆ ಹೆಣ್ಣು ಮಿಡತೆ ಮಣ್ಣಿನೊಳಗೆ ಗೊಂಚಲು ಗೊಂಚಲಾಗಿ ಮೊಟ್ಟೆ ಇಡುತ್ತದೆ. ಚಳಿಗಾಲ, ಬೇಸಿಗೆ ಎರಡನ್ನೂ ನೆಲದೊಳಗೇ ಕಳೆಯುವ ಆ ಮೊಟ್ಟೆಗಳು ಮುಂಗಾರು ಮಳೆ ಬಿದ್ದ ಮೇಲೆ ಒಡೆಯುತ್ತವೆ. ಇಷ್ಟು ತಿಳಿದರೆ ಉಪಾಯ ತಾನಾಗಿಯೇ ಹೊಳೆಯುತ್ತದೆ: ಬೇಸಿಗೆಯಲ್ಲಿ ಹೊಲ ಉತ್ತರೆ ಮೊಟ್ಟೆಗಳು ಬಿಸಿಲಿಗೂ ಹಕ್ಕಿಗಳಿಗೂ ಸಿಗುತ್ತವೆ, ಉಳಿದ ಮರಿಗಳನ್ನು ಚಿಕ್ಕವಿರುವಾಗಲೇ ದೊಡ್ಡ ಬಟ್ಟೆಯ ಚೀಲವನ್ನು ಹೊಲದ ಮೇಲೆ ಎಳೆದು ಹಿಡಿಯಬಹುದು. ಹಾರಲಾರದ ಹುಳುವಾದ್ದರಿಂದ ಒಂದು ಊರು ಒಗ್ಗಟ್ಟಾಗಿ ಕೆಲಸ ಮಾಡಿದರೆ ಫಲ ಖಂಡಿತ. 1911ರಲ್ಲಿ ಅವರು ಈ ಮಿಡತೆಯ ಬಗ್ಗೆ ಇಲಾಖೆಯ ವರದಿ ಪ್ರಕಟಿಸಿದರು. ಅದಕ್ಕೂ ಒಂದು ವರ್ಷ ಮುಂಚೆ ಸ್ಪೇನ್ ದೇಶದ ಕೀಟತಜ್ಞ ಬೊಲಿವಾರ್ ಈ ಕೀಟಕ್ಕೆ ‘ಕೋಲ್ಮೇನಿಯ’ ಎಂದು ಹೆಸರಿಟ್ಟಿದ್ದರು.

ಭತ್ತದ ಮಿಡತೆಯ ವರದಿಯಲ್ಲಿ ಕೋಲ್ಮನ್ ಜೊತೆ ಇನ್ನೊಂದು ಹೆಸರಿದೆ: ಕೆ. ಕುಂಞಿಕಣ್ಣನ್. ಕೇರಳ ಮೂಲದ ಈ ಸಹಾಯಕರು ಮುಂದೆ ಮೈಸೂರು ಸಂಸ್ಥಾನದ ಮೊದಲ ಭಾರತೀಯ ಕೀಟತಜ್ಞರಾದರು. ಆಗತಾನೆ ಮೊಟ್ಟೆಯೊಡೆದ ಕಾಳುಹುಳುವಿನ ಮರಿ ಗಟ್ಟಿಯಾದ ಕಾಳಿನೊಳಗೆ ಹೇಗೆ ನುಗ್ಗುತ್ತದೆ ಎಂಬ ಬಗ್ಗೆ 1923ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ಇಂದಿಗೂ ಕುತೂಹಲ ಹುಟ್ಟಿಸುತ್ತದೆ. ಮರಿಯ ಎದೆಭಾಗದ ಒಂದು ಪುಟ್ಟ ಫಲಕವೇ ಅದಕ್ಕೆ ಆಸರೆ! ಪವಿತ್ರ ಕುರ್‌ಆನಿನಲ್ಲಿ ಇರುವೆಯ ಹೆಸರಿನ ಅಧ್ಯಾಯವೂ ಜೇನ್ನೊಣದ ಹೆಸರಿನ ಅಧ್ಯಾಯವೂ ಇವೆ. ಅನ್-ನಮ್ಲ್, ಅನ್-ನಹ್ಲ್ ಓದುವ ನಮ್ಮ ಮಕ್ಕಳು ಇಂತಹ ಸೂಕ್ಷ್ಮ ಜೀವಿಗಳನ್ನು ಕಣ್ಣಾರೆ ನೋಡುವ ವಿದ್ಯೆಯ ಕಡೆಗೂ ಒಲಿಯಬಾರದೇಕೆ? ಪಿಯುಸಿ ಮುಗಿದ ಕೂಡಲೇ ವೈದ್ಯಕೀಯ, ಇಂಜಿನಿಯರಿಂಗ್ ಎರಡನ್ನೇ ನೆನೆಯುವ ಪೋಷಕರಿಗೂ ಈ ಮಾತು ಸಲ್ಲುತ್ತದೆ.

ಮಲೆನಾಡಿನವರಿಗೆ ಕೋಲ್ಮನ್ ನೆನಪಾಗುವುದು ಅಡಿಕೆಯ ಕೊಳೆರೋಗದಿಂದ. ಅದಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದವರು ಅವರು. ಅಡಿಕೆ ತೋಟಗಳಲ್ಲಿ ಇಂದಿಗೂ ಅದನ್ನೇ ಸಿಂಪಡಿಸುತ್ತಾರೆ. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ, 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಸ್ಥಾಪನೆಯಾದದ್ದೂ ಅವರ ಶ್ರಮದಿಂದಲೇ.

ಕುಂಞಿಕಣ್ಣನ್ 1931ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಕೋಲ್ಮನ್ 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. ಅಲ್ಲಿಯೂ ಸುಮ್ಮನೆ ಕೂರದೆ, ಸೂಕ್ಷ್ಮದರ್ಶಕದಡಿ ಸಸ್ಯಕೋಶಗಳನ್ನು ಪರೀಕ್ಷಿಸುವ ಹೊಸ ವಿಷಯ ಕೈಗೆತ್ತಿಕೊಂಡು ಪ್ರಬಂಧಗಳನ್ನು ಬರೆದರು. 1954ರಲ್ಲಿ, 76ನೆಯ ವಯಸ್ಸಿನಲ್ಲಿ ನಿಧನರಾದರು.