ಸೆಸಾರ್ ಮಿಲ್‌ಸ್ಟೈನ್: ಬೀಜವನ್ನು ಬಚ್ಚಿಡದ ವಿಜ್ಞಾನಿ

ರಕ್ತದ ಗುಂಪನ್ನು ಗುರುತಿಸುವ ಪರೀಕ್ಷೆಯನ್ನು ಕಾಣದವರು ನಮ್ಮ ವಾಚಕರಲ್ಲಿ ವಿರಳ. ಗಾಜಿನ ಪಟ್ಟಿಯ ಮೇಲೆ ಬೆರಳ ತುದಿಯ ರಕ್ತವನ್ನಿಟ್ಟು, ಒಂದು ಹನಿಗೆ ನೀಲಿ ದ್ರವವನ್ನೂ ಮತ್ತೊಂದಕ್ಕೆ ಹಳದಿ ದ್ರವವನ್ನೂ ಬೆರೆಸುತ್ತಾರೆ. ಯಾವುದರಲ್ಲಿ ರಕ್ತ ಗುಂಪುಗಟ್ಟಿತೆಂಬುದನ್ನು ನೋಡಿ ಎ, ಬಿ, ಎಬಿ, ಓ ಎಂದು ನಿರ್ಧರಿಸುತ್ತಾರೆ. ಆ ನೀಲಿ, ಹಳದಿ ದ್ರವಗಳಲ್ಲಿರುವ ಸಾರವಸ್ತುವನ್ನು ಎಷ್ಟು ಬೇಕಾದರೂ, ಸದಾ ಒಂದೇ ಗುಣದಲ್ಲಿ ತಯಾರಿಸುವ ಮಾರ್ಗವನ್ನು ತೆರೆದ ಮಹನೀಯರು ಸೆಸಾರ್ ಮಿಲ್‌ಸ್ಟೈನ್. ವಿದ್ಯೆಯನ್ನು ಗಳಿಸಿದ ಬಗೆಯಿಂದಲೂ ಗಳಿಸಿದ್ದನ್ನು ಹಂಚಿದ ಬಗೆಯಿಂದಲೂ ಅವರ ಜೀವನ ವಿದ್ಯಾಸಂಸ್ಥೆಗಳಿಗೆ ಸ್ಮರಣೀಯವಾಗಿದೆ.

ಮಿಲ್‌ಸ್ಟೈನರು ಜನಿಸಿದ್ದು 1927ರ ಅಕ್ಟೋಬರ್ 8ರಂದು, ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದ ಬಾಯಿಯಾ ಬ್ಲಾಂಕಾ ಎಂಬ ಊರಿನಲ್ಲಿ. ತಂದೆ ಯುಕ್ರೇನಿನಿಂದ ಬಾಲ್ಯದಲ್ಲಿಯೇ ವಲಸೆ ಬಂದ ಯಹೂದಿ. ತಾಯಿ ಬಡ ವಲಸಿಗರ ಮಗಳು, ಶಾಲೆಯ ಉಪಾಧ್ಯಾಯಿನಿ. ಮೂವರು ಗಂಡುಮಕ್ಕಳಲ್ಲಿ ಸೆಸಾರ್ ನಡುವಿನವರು. ಮನೆಯಲ್ಲಿ ಸಿರಿಯಿರಲಿಲ್ಲವಾದರೂ ಮಕ್ಕಳೆಲ್ಲರೂ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಬೇಕೆಂಬುದು ಆ ದಂಪತಿಗಳ ಹಟವಾಗಿತ್ತು. ಅದಕ್ಕಾಗಿ ಅವರು ಪಡದ ಪಾಡಿಲ್ಲ.

ಬ್ಯೂನಸ್ ಐರಿಸ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದುತ್ತಿದ್ದಾಗ ಸೆಸಾರ್ ತರಗತಿಗೆ ಮೊದಲಿಗರೇನೂ ಆಗಿರಲಿಲ್ಲ. ವಿದ್ಯಾರ್ಥಿ ಸಂಘದ ಚಟುವಟಿಕೆಗಳಲ್ಲಿ ಅವರಿಗೆ ಹೆಚ್ಚಿನ ಆಸಕ್ತಿ. ಅಂಕಪಟ್ಟಿಯೊಂದನ್ನೇ ನೋಡಿ ಹುಡುಗರ ಭವಿಷ್ಯವನ್ನು ನಿರ್ಣಯಿಸುವ ಅಧ್ಯಾಪಕರು ಈ ಸಂಗತಿಯನ್ನು ಗಮನಿಸಬೇಕು. 1953ರಲ್ಲಿ ಸಹಪಾಠಿ ಸೀಲಿಯಾ ಅವರೊಡನೆ ವಿವಾಹವಾಯಿತು. ಜೀವನೋಪಾಯಕ್ಕೆ ಅರೆಕಾಲಿಕ ದುಡಿಮೆಯನ್ನು ಮಾಡುತ್ತಲೇ ಪ್ರೊಫೆಸರ್ ಸ್ಟೊಪ್ಪಾನಿಯವರ ಮಾರ್ಗದರ್ಶನದಲ್ಲಿ 1957ರಲ್ಲಿ ಡಾಕ್ಟರೇಟ್ ಪಡೆದರು. ಅನಂತರ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ತೆರಳಿ 1960ರಲ್ಲಿ ಅಲ್ಲಿಯೂ ಡಾಕ್ಟರೇಟ್ ಗಳಿಸಿದರು. ಪ್ರೋಟೀನುಗಳ ರಚನೆಯನ್ನು ಬಿಡಿಸಿ ನೊಬೆಲ್ ಪ್ರಶಸ್ತಿ ಪಡೆದಿದ್ದ ಫ್ರೆಡರಿಕ್ ಸ್ಯಾಂಗರರ ಒಡನಾಟ ದೊರೆತುದು ಇಲ್ಲಿಯೇ.

ವಿದೇಶದಲ್ಲಿಯೇ ನೆಲೆಸುವ ಅವಕಾಶವಿದ್ದರೂ ಮಿಲ್‌ಸ್ಟೈನರು 1961ರಲ್ಲಿ ತಾಯ್ನಾಡಿಗೆ ಮರಳಿ, ಬ್ಯೂನಸ್ ಐರಿಸಿನ ಮಾಲ್‌ಬ್ರಾನ್ ಸಂಸ್ಥೆಯಲ್ಲಿ ಹೊಸದೊಂದು ವಿಭಾಗದ ಮುಖ್ಯಸ್ಥರಾದರು. ಆದರೆ 1962ರಲ್ಲಿ ಸೈನ್ಯವು ಸರ್ಕಾರವನ್ನು ಉರುಳಿಸಿತು. ಸ್ವತಂತ್ರ ವಿಚಾರದ ವಿದ್ವಾಂಸರ ಮೇಲೆ ಆಳುವವರ ಕಣ್ಣು ಬಿದ್ದಿತು. ಸಂಸ್ಥೆಯ ನಿರ್ದೇಶಕರನ್ನೂ ಮಿಲ್‌ಸ್ಟೈನರ ವಿಭಾಗದ ಹಲವರನ್ನೂ ಕೆಲಸದಿಂದ ತೆಗೆದುಹಾಕಲಾಯಿತು. ತಮ್ಮವರು ಹೊರಬಿದ್ದ ಮೇಲೆ ತಾವೊಬ್ಬರೇ ಕುರ್ಚಿಯನ್ನು ಹಿಡಿದು ಕೂರಲು ಒಪ್ಪದೆ ಅವರು ರಾಜೀನಾಮೆಯಿತ್ತರು. 1963ರಲ್ಲಿ ಕೇಂಬ್ರಿಜ್‌ಗೆ ಹಿಂದಿರುಗಿ, ಬ್ರಿಟಿಷ್ ವೈದ್ಯಕೀಯ ಸಂಶೋಧನಾ ಮಂಡಲಿಯ ಪ್ರಯೋಗಾಲಯವನ್ನು ಸೇರಿ, ಸ್ಯಾಂಗರರ ಸಲಹೆಯಂತೆ ಪ್ರತಿಕಾಯಗಳ ಅಧ್ಯಯನದಲ್ಲಿ ತೊಡಗಿದರು. ಒಂದು ದೇಶ ಕಳೆದುಕೊಂಡ ನಿಧಿ ಮತ್ತೊಂದು ದೇಶದ ಪಾಲಾಯಿತು.

ಪ್ರತಿಕಾಯವೆಂದರೇನೆಂಬುದನ್ನು ಇಲ್ಲಿ ತುಸು ವಿವರಿಸಬೇಕು. ದೇಹಕ್ಕೆ ಪರಕೀಯ ವಸ್ತುವೊಂದು ಪ್ರವೇಶಿಸಿದಾಗ ಬಿಳಿಯ ರಕ್ತಕಣಗಳ ಒಂದು ವರ್ಗವು ಅದಕ್ಕೆ ಅಂಟಿಕೊಳ್ಳುವ ಪ್ರೋಟೀನನ್ನು ತಯಾರಿಸುತ್ತದೆ. ಅದೇ ಪ್ರತಿಕಾಯ. ಒಂದು ಕಣವು ಒಂದೇ ಬಗೆಯ ಪ್ರತಿಕಾಯವನ್ನು ಮಾತ್ರ ಮಾಡಬಲ್ಲದು; ಆದರೆ ದೇಹದಲ್ಲಿ ಅಂಥ ಲೆಕ್ಕವಿಲ್ಲದಷ್ಟು ಬಗೆಯ ಕಣಗಳಿವೆ. ಹಾವು ಕಚ್ಚಿದವರಿಗೆ ಕೊಡುವ ಔಷಧಿಯನ್ನು ಕುದುರೆಯ ರಕ್ತದಿಂದ ತಯಾರಿಸುವುದನ್ನು ವಾಚಕರು ಬಲ್ಲರು. ಅದರಲ್ಲಿರುವುದು ಹಲವು ಬಗೆಯ ಪ್ರತಿಕಾಯಗಳ ಮಿಶ್ರಣ. ನಮ್ಮ ಹೆಬ್ಬೂರು ಸೀಮೆಯ ರಾಗಿ ಹೊಲದಲ್ಲಿ ಅಕ್ಕಡಿ ಸಾಲುಗಳ ಅವರೆ, ಸಾಸುವೆ, ಹುಚ್ಚೆಳ್ಳನ್ನೆಲ್ಲ ರಾಗಿಯೊಡನೆ ಒಟ್ಟಿಗೆ ಕೊಯ್ದು ರಾಶಿ ಹಾಕಿದಂತೆ ಅದು. ಹೊಟ್ಟೆ ತುಂಬಲು ಅಂಥ ರಾಶಿಯೂ ಸಾಕು. ಬಿತ್ತನೆಗೆ ಬೇಕಾದುದು ಒಂದೇ ತಳಿಯ ಶುದ್ಧ ಬೀಜ. ಸಂಶೋಧನೆಗೆ ಬೇಕಾದುದೂ ಅಂಥದೇ. ಒಂದೇ ಕಣದ ಸಂತಾನದಿಂದ ಬಂದ, ಒಂದೇ ಗುರಿಯನ್ನು ಹಿಡಿಯುವ ಪ್ರತಿಕಾಯಕ್ಕೆ ಮಾನೊಕ್ಲೋನಲ್ ಪ್ರತಿಕಾಯವೆಂದು ಹೆಸರು. ತೊಡಕೆಂದರೆ, ಪ್ರತಿಕಾಯವನ್ನು ಮಾಡುವ ಕಣವನ್ನು ದೇಹದಿಂದ ಹೊರತೆಗೆದರೆ ಅದು ಕೆಲವೇ ದಿನಗಳಲ್ಲಿ ಸಾಯುತ್ತದೆ.

1974ರಲ್ಲಿ ಜರ್ಮನಿಯ ತರುಣ ವಿಜ್ಞಾನಿ ಗೇಆರ್ಗ್ ಕೋಲರ್ ಮಿಲ್‌ಸ್ಟೈನರ ಪ್ರಯೋಗಾಲಯಕ್ಕೆ ಬಂದರು. ಅವರಿಬ್ಬರಿಗೂ ಔಷಧಿಯ ಯೋಚನೆಯಿರಲಿಲ್ಲ. ಪ್ರತಿಕಾಯಗಳಲ್ಲಿ ಇಷ್ಟೊಂದು ವೈವಿಧ್ಯ ಹೇಗೆ ಉಂಟಾಗುತ್ತದೆಂಬುದೇ ಅವರ ಜಿಜ್ಞಾಸೆ. ಕುರಿಯ ಕೆಂಪು ರಕ್ತಕಣಗಳನ್ನು ಇಲಿಗೆ ಚುಚ್ಚಿ, ಅದರ ಗುಲ್ಮದಿಂದ ಪ್ರತಿಕಾಯ ಮಾಡುವ ಕಣಗಳನ್ನು ತೆಗೆದು, ಅವುಗಳನ್ನು ಸಾವಿಲ್ಲದೆ ಬೆಳೆಯುತ್ತ ಹೋಗುವ ಒಂದು ಬಗೆಯ ಕ್ಯಾನ್ಸರ್ ಕಣಗಳೊಡನೆ ಬೆಸೆದರು. ಬೆಸುಗೆಯ ಬಳಿಕ ಎಲ್ಲವನ್ನೂ ವಿಶೇಷ ಪೋಷಕದ್ರವದಲ್ಲಿಟ್ಟರು. ಆ ದ್ರವದಲ್ಲಿ ಬದುಕಲು ಅಗತ್ಯವಾದ ಕಿಣ್ವವೊಂದು ಕ್ಯಾನ್ಸರ್ ಕಣಗಳಲ್ಲಿ ಇಲ್ಲದಿದ್ದುದರಿಂದ ಬೆಸೆಯದ ಕ್ಯಾನ್ಸರ್ ಕಣಗಳು ಸತ್ತವು; ಬೆಸೆಯದ ಗುಲ್ಮಕಣಗಳು ಸಹಜವಾಗಿಯೇ ಅಳಿದವು. ಉಳಿದವು ಸಂಕರಕಣಗಳು ಮಾತ್ರ. ಅವುಗಳಿಗೆ ಒಬ್ಬರಿಂದ ಪ್ರತಿಕಾಯ ಮಾಡುವ ಗುಣವೂ ಇನ್ನೊಬ್ಬರಿಂದ ಚಿರಾಯುವೂ ಬಂದಿದ್ದವು. ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ರಾಗಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಸೃಷ್ಟಿಸಿದುದನ್ನು ಬಲ್ಲ ನಮ್ಮ ರೈತರಿಗೆ ಈ ಯುಕ್ತಿ ಅಪರಿಚಿತವೆನಿಸದು. 1975ರ ಆಗಸ್ಟ್ 7ರಂದು ನೇಚರ್ ಪತ್ರಿಕೆಯಲ್ಲಿ ಈ ಕಾರ್ಯದ ವರದಿ ಪ್ರಕಟವಾಯಿತು. ಮೂರು ಪುಟಗಳನ್ನೂ ಮೀರದ ಲೇಖನ ಅದು.

ಈ ಆವಿಷ್ಕಾರಕ್ಕೆ ಪೇಟೆಂಟ್ ಪಡೆಯಬಹುದೇ ಎಂದು ಸಂಶೋಧನಾ ಮಂಡಲಿಯು ಬ್ರಿಟನ್ನಿನ ಸಂಬಂಧಪಟ್ಟ ನಿಗಮಕ್ಕೆ ತಿಳಿಸಿತ್ತು. ತಕ್ಷಣದ ಪ್ರಯೋಜನವೇನೂ ತೋರುತ್ತಿಲ್ಲವೆಂಬ ಉತ್ತರ 1976ರಲ್ಲಿ ಬಂದಿತು. ಮಿಲ್‌ಸ್ಟೈನರಾದರೋ ಕೇಳಿದ ಸಂಶೋಧಕರಿಗೆಲ್ಲ ಕಣಗಳನ್ನು ಉಚಿತವಾಗಿ ಕಳುಹಿಸುತ್ತಿದ್ದರು. ಅವುಗಳಿಂದ ಬಂದುದಕ್ಕೆ ಪೇಟೆಂಟ್ ಪಡೆಯಬಾರದೆಂಬುದೊಂದೇ ಅವರ ಕೋರಿಕೆ. ಆದರೂ ಹಾಗೆ ಪಡೆದ ಕಣಗಳನ್ನು ಬಳಸಿಯೇ ಅಮೆರಿಕದ ವಿಸ್ಟಾರ್ ಸಂಸ್ಥೆಯವರು 1979 ಮತ್ತು 1980ರಲ್ಲಿ ಪೇಟೆಂಟುಗಳನ್ನು ಪಡೆದರು. ಬ್ರಿಟನ್ನಿನಲ್ಲಿ ಈ ಕುರಿತು ದೊಡ್ಡ ವಿವಾದವೇ ಎದ್ದಿತು. ನಷ್ಟ ನಿಜವಾದುದು, ರಾಷ್ಟ್ರವೊಂದರ ಬೊಕ್ಕಸಕ್ಕೆ ಬರಬಹುದಾಗಿದ್ದ ಅಪಾರ ಧನ ಕೈತಪ್ಪಿತು. ಆದರೆ ಕಣಗಳು ಬೀರುವಿನಲ್ಲಿ ಬಂಧಿಯಾಗದೆ ಪ್ರಪಂಚದ ಪ್ರಯೋಗಾಲಯಗಳಿಗೆ ಹರಡಿದುದರಿಂದ ಕೆಲವೇ ವರ್ಷಗಳಲ್ಲಿ ರೋಗನಿರೋಧ ಶಾಸ್ತ್ರವೇ ಹೊಸ ಹುಟ್ಟು ಪಡೆಯಿತೆಂಬುದೂ ಅಷ್ಟೇ ನಿಜ.

ಇದಕ್ಕೆ ಒಂದು ನಿದರ್ಶನವನ್ನು ಕೊಡುವುದು ಉಚಿತ. ಅಮೆರಿಕದ ತರುಣ ಟಿಮೊಥಿ ಸ್ಪ್ರಿಂಗರ್ ಕೇಂಬ್ರಿಜ್‌ನಲ್ಲಿ ಮಿಲ್‌ಸ್ಟೈನರ ಬಳಿ ಕೆಲಸ ಕಲಿತರು. ಇಬ್ಬರೂ ಸಹೋದ್ಯೋಗಿಗಳೊಡನೆ ಸೇರಿ, ಬಿಳಿಯ ರಕ್ತಕಣಗಳ ಮೈಮೇಲಿರುವ ಅಣುಗಳನ್ನು ಒಂದೊಂದಾಗಿ ಗುರುತಿಸಬಲ್ಲ ಪ್ರತಿಕಾಯಗಳನ್ನು ತಯಾರಿಸಿದರು. ಅವುಗಳಲ್ಲೊಂದು ಪತ್ತೆಹಚ್ಚಿದ ಅಣುವಿಗೆ 1979ರಲ್ಲಿ ಮ್ಯಾಕ್-1 ಎಂದು ಹೆಸರಿಟ್ಟರು. ಸ್ವದೇಶಕ್ಕೆ ಮರಳಿದ ಸ್ಪ್ರಿಂಗರ್ ಹಾರ್ವರ್ಡಿನಲ್ಲಿ ಎಲ್‌ಎಫ್‌ಎ-1 ಎಂಬ ಮತ್ತೊಂದು ಅಣುವನ್ನೂ, 1986ರಲ್ಲಿ ಅದು ಹಿಡಿದುಕೊಳ್ಳುವ ಐಕ್ಯಾಮ್-1 ಎಂಬ ಅಣುವನ್ನೂ ಸಹೋದ್ಯೋಗಿಗಳೊಡನೆ ಗುರುತಿಸಿದರು. ಇವು ಕಣಗಳನ್ನು ಪರಸ್ಪರ ಅಂಟಿಸುವ ಅಣುಗಳು. ಗಾಯವಾದೆಡೆಯಲ್ಲಿ ಬಿಳಿಯ ಕಣವು ಮೊದಲು ರಕ್ತನಾಳದ ಒಳಗೋಡೆಯ ಮೇಲೆ ಉರುಳುತ್ತದೆ, ಬಳಿಕ ಈ ಅಣುಗಳ ಬಲದಿಂದ ಗಟ್ಟಿಯಾಗಿ ಅಂಟಿ ನಿಲ್ಲುತ್ತದೆ, ಕೊನೆಗೆ ಗೋಡೆಯ ಸಂದಿನಲ್ಲಿ ನುಸುಳಿ ರೋಗಾಣುಗಳಿದ್ದೆಡೆಗೆ ಹೋಗುತ್ತದೆ.

ಅಣುವೊಂದು ಏಕೆ ಇದೆಯೆಂಬುದನ್ನು ತಿಳಿಯಲು ಪ್ರತಿಕಾಯದಿಂದ ಅದನ್ನು ಮುಚ್ಚಿ, ಯಾವ ಕೆಲಸ ನಿಲ್ಲುವುದೆಂದು ನೋಡಬೇಕು. ಎಲ್‌ಎಫ್‌ಎ-1ನ್ನು ಹೀಗೆ ಮುಚ್ಚಿದಾಗ, ಸೋಂಕಿತ ಕಣಗಳನ್ನು ಕೊಲ್ಲುವ ಬಿಳಿಯ ಕಣಗಳು ತಮ್ಮ ಬೇಟೆಯನ್ನು ಹಿಡಿಯಲಾರದೆ ಹೋದವು. ಇದೇ ಕಾಲಕ್ಕೆ ವೈದ್ಯರ ಬಳಿ ವಿಚಿತ್ರ ವ್ಯಾಧಿಯ ಶಿಶುಗಳು ಬರುತ್ತಿದ್ದವು. ಹೊಕ್ಕುಳಬಳ್ಳಿ ಬಹುದಿನ ಕಳೆದರೂ ಉದುರದು. ಪದೇ ಪದೇ ಸೋಂಕು. ರಕ್ತದಲ್ಲಿ ಬಿಳಿಯ ಕಣಗಳು ಹೇರಳ, ಆದರೆ ಗಾಯದಲ್ಲಿ ಕೀವೇ ಕಟ್ಟದು. ಮಾನೊಕ್ಲೋನಲ್ ಪ್ರತಿಕಾಯಗಳಿಂದ ಪರೀಕ್ಷಿಸಿದಾಗ ಆ ಮಕ್ಕಳ ಕಣಗಳಲ್ಲಿ ಮ್ಯಾಕ್-1, ಎಲ್‌ಎಫ್‌ಎ-1 ಎರಡೂ ಕೊರತೆಯಾಗಿರುವುದು ತಿಳಿಯಿತು. ಸೈನ್ಯ ದಂಡಿಯಾಗಿದ್ದರೂ ಕೋಟೆಯ ಬಾಗಿಲು ದಾಟಲಾರದ ಸ್ಥಿತಿ ಅದು. ಹೆಸರಿಲ್ಲದ ವ್ಯಾಧಿಗೆ ಹೆಸರೂ ಕಾರಣವೂ ದೊರೆತವು. ಅಸ್ಥಿಮಜ್ಜೆಯ ಕಸಿಯಿಂದ ಅದನ್ನು ಗುಣಪಡಿಸುವ ದಾರಿಗೆ ಆಧಾರ ಸಿಕ್ಕಿತು.

1984ರಲ್ಲಿ ಮಿಲ್‌ಸ್ಟೈನ್, ಕೋಲರ್ ಮತ್ತು ಡೆನ್ಮಾರ್ಕಿನ ನೀಲ್ಸ್ ಯರ್ನೆ ಅವರಿಗೆ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. 1986ರಲ್ಲಿ ಮೂತ್ರಪಿಂಡದ ಕಸಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಮೊದಲ ಮಾನೊಕ್ಲೋನಲ್ ಔಷಧಿ ಅಮೆರಿಕದಲ್ಲಿ ಅನುಮತಿ ಪಡೆಯಿತು. 2021ರಲ್ಲಿ ಆ ದೇಶದಲ್ಲಿ ಅನುಮತಿ ಪಡೆದ ಇಂಥ ಔಷಧಿಗಳ ಸಂಖ್ಯೆ ನೂರನ್ನು ಮುಟ್ಟಿತು. ಇಲಿಯ ಪ್ರತಿಕಾಯವನ್ನು ಮನುಷ್ಯದೇಹಕ್ಕೆ ಒಗ್ಗಿಸುವ ವಿಧಾನವನ್ನು ಅದೇ ಕೇಂಬ್ರಿಜ್ ಪ್ರಯೋಗಾಲಯದ ಗ್ರೆಗರಿ ವಿಂಟರ್ ರೂಪಿಸಿದುದು ಈ ಬೆಳವಣಿಗೆಗೆ ನೆರವಾಯಿತು. ಅಂಟಿಸುವ ಅಣುಗಳನ್ನು ತಡೆಯುವ ಔಷಧಿಗಳೂ ಬಂದವು. ಎಲ್ಲವೂ ನಿರಪಾಯಕಾರಿಯಾಗಿರಲಿಲ್ಲ. ಎಲ್‌ಎಫ್‌ಎ-1ನ್ನು ತಡೆಯುವ ಎಫಲಿಜುಮಾಬ್ 2003ರಲ್ಲಿ ಚರ್ಮರೋಗಕ್ಕೆಂದು ಬಳಕೆಗೆ ಬಂದು, ಮಿದುಳಿನ ಮಾರಕ ಸೋಂಕಿಗೆ ಎಡೆಗೊಟ್ಟುದರಿಂದ 2009ರಲ್ಲಿ ಹಿಂತೆಗೆಯಲ್ಪಟ್ಟಿತು. ಕಾವಲುಗಾರನನ್ನು ಕಟ್ಟಿಹಾಕಿದರೆ ಕಳ್ಳನಿಗೆ ಅನುಕೂಲವಾಗುವುದೆಂಬ ಎಚ್ಚರ ಇದರಿಂದ ಮೂಡಿತು.

ಈ ವಿದ್ಯೆ ನಮ್ಮ ನಾಡಿಗೂ ಬಂದಿದೆಯೆಂಬುದು ಸಂತೋಷದ ವಿಷಯ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಕ್ಯೂಬಾ ದೇಶದ ವಿಜ್ಞಾನಿಗಳ ಸಹಯೋಗದಿಂದ 2006ರಲ್ಲಿ ಕ್ಯಾನ್ಸರಿಗೆ ನಿಮೊಟುಜುಮಾಬ್ ಎಂಬ ಮಾನೊಕ್ಲೋನಲ್ ಔಷಧಿಯನ್ನೂ, 2013ರಲ್ಲಿ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಇಟೊಲಿಜುಮಾಬನ್ನೂ ಹೊರತಂದಿತು. ಇಟೊಲಿಜುಮಾಬ್ ಹಿಡಿಯುವ ಸಿಡಿ-6 ಎಂಬ ಅಣುವೂ ಬಿಳಿಯ ಕಣಗಳು ಇತರ ಕಣಗಳೊಡನೆ ಬೆಸೆದುಕೊಳ್ಳಲು ನೆರವಾಗುವಂಥದೇ. ಹೆಬ್ಬೂರಿನ ವಿದ್ಯಾರ್ಥಿಗೆ ಈ ಶಾಸ್ತ್ರವನ್ನು ಅರಸಿ ಸಮುದ್ರ ದಾಟಬೇಕಾದ ಅನಿವಾರ್ಯತೆ ಇಂದಿಲ್ಲ.

ಕೋಲರ್ 1995ರಲ್ಲಿ, ತಮ್ಮ ನಲವತ್ತೆಂಟನೆಯ ವಯಸ್ಸಿನಲ್ಲಿಯೇ ಕಾಲವಾದರು. ಮಿಲ್‌ಸ್ಟೈನರು ಹೃದ್ರೋಗದಿಂದ ಬಳಲುತ್ತಿದ್ದರೂ ನಿವೃತ್ತಿಯ ಬಳಿಕವೂ ಪ್ರಯೋಗಾಲಯವನ್ನು ಬಿಡಲಿಲ್ಲ. ಪ್ರತಿಕಾಯಗಳ ವೈವಿಧ್ಯದ ಹಳೆಯ ಪ್ರಶ್ನೆಯನ್ನೂ ಬಿಡಲಿಲ್ಲ. 2002ರ ಮಾರ್ಚ್ 24ರಂದು ಕೇಂಬ್ರಿಜ್‌ನಲ್ಲಿ ಅವರು ದೇಹಬಿಟ್ಟರು.

ಮಿಲ್‌ಸ್ಟೈನರ ಜೀವನದಲ್ಲಿ ವಿದ್ಯಾಸಂಸ್ಥೆಗಳನ್ನು ಸಾಕುವವರಿಗೆ ಒಂದು ತಿಳಿವಳಿಕೆಯಿದೆ. ಅವರ ಕಾರ್ಯದಲ್ಲಿ ತಕ್ಷಣದ ಪ್ರಯೋಜನವನ್ನು ತಜ್ಞರ ನಿಗಮವೇ ಕಾಣದಾಯಿತು. ಪ್ರಶ್ನೆಯೊಂದು ಪ್ರಶ್ನೆಯೆಂಬ ಕಾರಣಕ್ಕೇ ಯೋಗ್ಯವೆಂದು ನಂಬಿ ಪ್ರಯೋಗಾಲಯವೊಂದು ಅವರಿಗೆ ದಶಕಗಳ ಕಾಲ ಅನ್ನ, ಆಶ್ರಯಗಳನ್ನು ಕೊಟ್ಟಿತು. ಬಡ ಉಪಾಧ್ಯಾಯಿನಿಯೊಬ್ಬರು ಮಗನನ್ನು ಓದಿಸುವಾಗಲೂ ಲಾಭದ ಲೆಕ್ಕ ಹಾಕಿರಲಿಲ್ಲ. ಇಂಥ ಪೋಷಣೆಯಿಂದ ಬೆಳೆದ ವ್ಯಕ್ತಿ ತನಗೆ ದಕ್ಕಿದ ಬೀಜವನ್ನು ಕೇಳಿದವರಿಗೆಲ್ಲ ಕೊಟ್ಟುದರಲ್ಲಿ ಆಶ್ಚರ್ಯವಿಲ್ಲ. ಅದರ ಫಸಲನ್ನು ಅವರ ಹೆಸರನ್ನೂ ಕೇಳದ ಅಸಂಖ್ಯ ರೋಗಿಗಳು ಇಂದು ಉಣ್ಣುತ್ತಿದ್ದಾರೆ.