ನಡಿಗೆ, ನಿದ್ರೆ, ನೆನಪು: ತತ್ತ್ವಜ್ಞಾನಿ ಕಾಂಟ್‌ನ ಮುಪ್ಪು

ಕಾಂಟ್ ನಡಿಗೆಗೆ ಹೊರಟುದನ್ನು ಕಂಡು ಊರಿನವರು ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದರೆಂಬ ಕಥೆ ಜಗತ್ಪ್ರಸಿದ್ಧ. ಅದರಲ್ಲಿ ಉತ್ಪ್ರೇಕ್ಷೆ ಇದ್ದೀತು. ಆದರೆ ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್‌ನ ನಡಿಗೆ ಮತ್ತು ನಿದ್ರೆಯ ಶಿಸ್ತು ಸುಳ್ಳಲ್ಲ.

ಪ್ರಷ್ಯಾದ ಕೋನಿಗ್ಸ್‌ಬರ್ಗ್ ನಗರದಲ್ಲಿ (ಇಂದು ರಷ್ಯಾದ ಕಲಿನಿನ್‌ಗ್ರಾಡ್) 1724ರ ಏಪ್ರಿಲ್ 22ರಂದು ಜನಿಸಿದ ಕಾಂಟ್, ಕುದುರೆಯ ಸಜ್ಜು ತಯಾರಿಸುವ ಕುಶಲಕರ್ಮಿಯ ಮಗ. ಕುಳ್ಳಗಿನ ದೇಹ, ಇಕ್ಕಟ್ಟಾದ ಎದೆಗೂಡು. ದುರ್ಬಲ ಶರೀರವನ್ನು ನಿಯಮದಿಂದಲೇ ಕಾಪಾಡಿಕೊಳ್ಳಬೇಕೆಂಬುದು ಆತನ ದೃಢ ನಂಬಿಕೆ. ಬೆಳಗ್ಗೆ 5ಕ್ಕೆ ಮುನ್ನ ಸೇವಕ ಮಾರ್ಟಿನ್ ಲಾಂಪೆ ಬಂದು ಎಬ್ಬಿಸುತ್ತಿದ್ದ. ಮಧ್ಯಾಹ್ನ ಮಿತ್ರರೊಡನೆ ದಿನದ ಏಕೈಕ ಊಟ, ಆನಂತರ ನಡಿಗೆ, ರಾತ್ರಿ 10ಕ್ಕೆ ಹಾಸಿಗೆ. ಆತನಿಗೆ ಕೀರ್ತಿ ತಂದ 'ಕ್ರಿಟಿಕ್ ಆಫ್ ಪ್ಯೂರ್ ರೀಸನ್' ಕೃತಿ ಪ್ರಕಟವಾದಾಗ (1781) ವಯಸ್ಸು 57. ಉಳಿದ ಮಹತ್ಕೃತಿಗಳು ಬಂದದ್ದು ಅದರ ನಂತರವೇ. ಪಾಠ ನಿಲ್ಲಿಸಿದ್ದು 1796ರಲ್ಲಿ, 72ನೇ ವಯಸ್ಸಿನಲ್ಲಿ.

1798ರ ಗ್ರಂಥವೊಂದರಲ್ಲಿ ಕಾಂಟ್ ಆರೋಗ್ಯದ ಕುರಿತು ಬರೆದಿದ್ದಾನೆ. ಅತಿನಿದ್ರೆ ಹಾನಿಕರ, ನಡೆಯುವಾಗ ಗಹನ ಚಿಂತನೆ ಸಲ್ಲದು, ಉಸಿರಾಟ ಮೂಗಿನಿಂದಲೇ ನಡೆಯಬೇಕು ಎಂಬುದು ಆತನ ಅಭಿಪ್ರಾಯ. ನಿದ್ರೆ ಬಾರದ ರಾತ್ರಿಗಳಲ್ಲಿ ರೋಮಿನ ವಾಗ್ಮಿ ಸಿಸೆರೊನಂತಹ ಯಾವುದಾದರೊಂದು ಹೆಸರಿನ ಮೇಲೆ ಮನಸ್ಸನ್ನು ನೆಲೆಗೊಳಿಸುತ್ತಿದ್ದನಂತೆ.

ಆದರೂ ಮುಪ್ಪು ಬಿಡಲಿಲ್ಲ. ಕಾಲು ಸೋತಂತೆ ನಡಿಗೆ ಕುಗ್ಗಿತು. ಹಗಲಿನಲ್ಲಿ ಕುರ್ಚಿಯಲ್ಲೇ ತೂಕಡಿಕೆ, ರಾತ್ರಿ ದುಃಸ್ವಪ್ನ. ಹೇಳಿದ ಕಥೆಯನ್ನೇ ಮತ್ತೆ ಹೇಳತೊಡಗಿದ. ಮರೆಯದಿರಲೆಂದು ಚೀಟಿಗಳಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. ಸೋಜಿಗವೆಂದರೆ, ಎಳವೆಯಲ್ಲಿ ಕಲಿತ ಲ್ಯಾಟಿನ್ ಕಾವ್ಯದ ಸಾಲುಗಳು ಮಾತ್ರ ನಾಲಗೆಯ ಮೇಲಿದ್ದವು. 1802ರಲ್ಲಿ ದಶಕಗಳ ಸೇವಕ ಲಾಂಪೆಯನ್ನು ಕೆಲಸದಿಂದ ಬಿಡಿಸಬೇಕಾಯಿತು. ಹೊಸ ಸೇವಕನನ್ನೂ ಹಳೆಯ ಹೆಸರಿನಿಂದಲೇ ಕರೆಯುತ್ತಿದ್ದ ಕಾಂಟ್, ಲಾಂಪೆಯ ಹೆಸರನ್ನು ಮರೆಯಬೇಕೆಂದು ಚೀಟಿಯಲ್ಲಿ ಬರೆದುಕೊಂಡ! 1804ರ ಫೆಬ್ರವರಿ 12ರಂದು, 80 ತುಂಬಲು ಎರಡು ತಿಂಗಳು ಬಾಕಿಯಿರುವಾಗ ನಿಧನನಾದ.

ದಿನದ ನೆನಪುಗಳು ಗಟ್ಟಿಗೊಳ್ಳಲು ಗಾಢನಿದ್ರೆ ನೆರವಾಗುತ್ತದೆ, ವಯಸ್ಸಾದಂತೆ ಆ ನಿದ್ರೆ ಕಡಿಮೆಯಾಗುತ್ತದೆ ಎಂದು ಇಂದಿನ ವಿಜ್ಞಾನ ಹೇಳುತ್ತದೆ. ನಿಯಮಿತ ವ್ಯಾಯಾಮದಿಂದ ಹಿರಿಯರ ನಿದ್ರೆ ಸುಧಾರಿಸಬಲ್ಲದು. ಅಮೆರಿಕದಲ್ಲಿ 120 ಹಿರಿಯರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷ ವೇಗದ ನಡಿಗೆ ನಡೆಸಿದವರ ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗವು ಸುಮಾರು ಶೇ. 2ರಷ್ಟು ಹಿಗ್ಗಿತ್ತು. ಆದರೆ ಎಲ್ಲ ಅಧ್ಯಯನಗಳ ಫಲಿತಾಂಶವೂ ಒಂದೇ ರೀತಿ ಇಲ್ಲ.

ನಡಿಗೆ ಮತ್ತು ನಿದ್ರೆ ಮರೆವಿನಿಂದ ಪೂರ್ಣ ರಕ್ಷಣೆ ನೀಡಲಾರವು ಎಂಬುದಕ್ಕೆ ಕಾಂಟ್‌ನ ಕೊನೆಯ ದಿನಗಳೇ ಸಾಕ್ಷಿ. ಆದರೆ ಕೃಶ ದೇಹದ ಆ ಮನುಷ್ಯ ಎಪ್ಪತ್ತು ದಾಟಿದ ಮೇಲೂ ಪಾಠ ಹೇಳಿದ, ಗ್ರಂಥ ಬರೆದ ಎಂಬುದೂ ಅಷ್ಟೇ ದಿಟ.