ನಟ್ಟು-ಬೋಲ್ಟಿಗೆ ಒಂದೇ ಲೆಕ್ಕ ಕೊಟ್ಟ ವಿಟ್‌ವರ್ತ್

ಯಾವುದೇ ಊರಿನ ಗ್ಯಾರೇಜಿಗೆ ಹೋಗಿ ಹತ್ತರ ಸಾಕೆಟ್ ಕೇಳಿ. ಹುಡುಗ ಡಬ್ಬಿಗೆ ಕೈಹಾಕಿ ಥಟ್ಟನೆ ತೆಗೆದುಕೊಡುತ್ತಾನೆ. ಅದು 6 ಮಿ.ಮೀ. ಬೋಲ್ಟಿನ ತಲೆಗೆ ಸರಿಯಾಗಿ ಕೂರುತ್ತದೆ. ಬೋಲ್ಟ್ ಎಲ್ಲಿಯದು, ಸಾಕೆಟ್ ಎಲ್ಲಿಯದು ಎಂದು ಯಾರೂ ವಿಚಾರಿಸುವುದಿಲ್ಲ. ಇನ್ನೂರು ವರ್ಷಗಳ ಹಿಂದೆ ಇದು ಕನಸಿನ ಮಾತು. ಒಂದು ಕಾರ್ಖಾನೆಯ ನಟ್ಟು ಪಕ್ಕದ ಕಾರ್ಖಾನೆಯ ಬೋಲ್ಟಿಗೆ ಏರುತ್ತಿರಲಿಲ್ಲ. ಕಳೆದುಹೋದರೆ ಅದನ್ನು ಮಾಡಿದವರನ್ನೇ ಹುಡುಕಿಕೊಂಡು ಹೋಗಬೇಕಿತ್ತು. ಈ ಗೊಂದಲಕ್ಕೆ ಮದ್ದು ಕಂಡುಹಿಡಿದವರು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್.

ಮ್ಯಾಂಚೆಸ್ಟರ್ ಬಳಿಯ ಸ್ಟಾಕ್‌ಪೋರ್ಟ್‌ನಲ್ಲಿ 1803ರ ಡಿಸೆಂಬರ್ 21ರಂದು ಅವರು ಹುಟ್ಟಿದರು. ತಂದೆ ಶಾಲಾ ಶಿಕ್ಷಕ. ಹದಿನಾಲ್ಕನೇ ವಯಸ್ಸಿಗೆ ಹುಡುಗನನ್ನು ಬಂಧುವೊಬ್ಬರ ಹತ್ತಿ ಗಿರಣಿಗೆ ಸೇರಿಸಿದರು. ಮುಂದೆ ಗಿರಣಿಯ ವ್ಯವಹಾರ ನೋಡಿಕೊಳ್ಳಲಿ ಎಂಬುದು ಮನೆಯವರ ಆಸೆ. ಹುಡುಗನಿಗೋ ಹತ್ತಿಗಿಂತ ಯಂತ್ರದ ಮೇಲೆಯೇ ಕಣ್ಣು. ನಾಲ್ಕು ವರ್ಷ ಕಳೆದ ಮೇಲೆ ಗಿರಣಿ ಬಿಟ್ಟು ಮ್ಯಾಂಚೆಸ್ಟರ್‌ಗೆ ಹೋಗಿ ಸಾಮಾನ್ಯ ಮೆಕ್ಯಾನಿಕ್ ಆದರು.

1825ರ ಹೊತ್ತಿಗೆ ಲಂಡನ್ ಸೇರಿ, ಆ ಕಾಲದ ದೊಡ್ಡ ಯಂತ್ರಶಿಲ್ಪಿ ಹೆನ್ರಿ ಮಾಡ್ಸ್‌ಲೆ ಅವರ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ನಂತರ ಜೋಸೆಫ್ ಕ್ಲೆಮೆಂಟ್ ಬಳಿ ದುಡಿದರು. ಚಾರ್ಲ್ಸ್ ಬ್ಯಾಬೇಜ್ ಅವರ ಗಣಕಯಂತ್ರದ ಬಿಡಿಭಾಗಗಳು ತಯಾರಾಗುತ್ತಿದ್ದುದು ಅಲ್ಲಿಯೇ. ನಿಖರತೆ ಎಂದರೇನೆಂದು ಕಲಿಯಲು ಇದಕ್ಕಿಂತ ಒಳ್ಳೆಯ ಕಾಲೇಜು ಬೇಕೆ?

ಬಿಇ ಮೊದಲ ವರ್ಷದ ಫಿಟ್ಟಿಂಗ್ ಲ್ಯಾಬ್‌ನಲ್ಲಿ ಕೈಗೆ ಬೊಬ್ಬೆ ಬರುವವರೆಗೆ ಫೈಲ್ ಉಜ್ಜಿದವರಿಗೆ ಒಂದು ಮೇಲ್ಮೈಯನ್ನು ಸಮತಟ್ಟು ಮಾಡುವುದು ಎಷ್ಟು ಕಷ್ಟವೆಂದು ಗೊತ್ತು. ಎರಡು ತಟ್ಟೆಗಳು ಒಂದಕ್ಕೊಂದು ಸರಿಯಾಗಿ ಕೂತರೂ ಒಂದು ಉಬ್ಬಾಗಿ, ಇನ್ನೊಂದು ತಗ್ಗಾಗಿ ಇರಬಹುದು. ಮೂರು ತಟ್ಟೆಗಳನ್ನು ಜೋಡಿ ಜೋಡಿಯಾಗಿ ಹೋಲಿಸಿದರೆ ಈ ಮೋಸ ನಡೆಯದು. ಮೂರೂ ಪರಸ್ಪರ ಹೊಂದಬೇಕಾದರೆ ಮೂರೂ ಸಮತಟ್ಟಾಗಿರಲೇಬೇಕು. ಬಣ್ಣ ಹಚ್ಚಿ, ಎತ್ತರದ ಜಾಗಗಳನ್ನು ಗುರುತಿಸಿ, ಅಷ್ಟನ್ನೇ ಕೆರೆದು ತೆಗೆಯುವ ಕ್ರಮವನ್ನು ವಿಟ್‌ವರ್ತ್ ಬಳಕೆಗೆ ತಂದರು.

1833ರಲ್ಲಿ ಮ್ಯಾಂಚೆಸ್ಟರ್‌ಗೆ ಮರಳಿ, ಬಾಡಿಗೆ ಕೋಣೆಯಲ್ಲಿ ಸ್ವಂತ ಕಾರ್ಖಾನೆ ಆರಂಭಿಸಿದರು. ಅವರ ಬದುಕಿನ ಮುಖ್ಯ ಕೆಲಸ ಹೊರಬಂದದ್ದು 1841ರಲ್ಲಿ. ಒಬ್ಬೊಬ್ಬ ತಯಾರಕ ಒಂದೊಂದು ಬಗೆಯ ಥ್ರೆಡ್ ಹಾಕುತ್ತಿದ್ದ ಕಾಲವದು. ವಿಟ್‌ವರ್ತ್ ತಮ್ಮ ಕಾರ್ಖಾನೆಯ ಅಳತೆಯನ್ನೇ ಎಲ್ಲರ ಮೇಲೆ ಹೇರಲು ಹೋಗಲಿಲ್ಲ. ದೇಶದ ಹಲವು ಕಾರ್ಖಾನೆಗಳ ಬೋಲ್ಟ್‌ಗಳನ್ನು ಸಂಗ್ರಹಿಸಿ, ಅಳೆದು, ಸರಾಸರಿ ತೆಗೆದರು. ಥ್ರೆಡ್‌ನ ಕೋನ 55 ಡಿಗ್ರಿ. ಇಷ್ಟು ದಪ್ಪದ ಬೋಲ್ಟಿಗೆ ಇಂಚಿಗೆ ಇಷ್ಟೇ ಸುತ್ತು, ಉದಾಹರಣೆಗೆ ಅರ್ಧ ಇಂಚಿನದಕ್ಕೆ 12. ಈ ಪಟ್ಟಿಯನ್ನು ಲಂಡನ್ನಿನ ಸಿವಿಲ್ ಎಂಜಿನಿಯರ್‌ಗಳ ಸಂಸ್ಥೆಯ ಮುಂದಿಟ್ಟರು. ಎಲ್ಲರದರಲ್ಲೂ ಸ್ವಲ್ಪ ಸ್ವಲ್ಪ ಸೇರಿದ್ದರಿಂದ ಯಾರಿಗೂ ಅದು ಪರಕೀಯ ಅನಿಸಲಿಲ್ಲ. 1860ರ ಸುಮಾರಿಗೆ ಇಡೀ ಬ್ರಿಟನ್ ಅದನ್ನು ಬಳಸುತ್ತಿತ್ತು.

1851ರ ಲಂಡನ್ ಮಹಾಪ್ರದರ್ಶನದಲ್ಲಿ ಇಂಚಿನ ಹತ್ತು ಲಕ್ಷದ ಒಂದು ಭಾಗವನ್ನು ಗುರುತಿಸಬಲ್ಲ ಅಳತೆಯಂತ್ರ ತೋರಿಸಿ ಬೆರಗು ಹುಟ್ಟಿಸಿದರು. ಅದೇ ನಿಖರತೆ ಬಂದೂಕಿಗೂ ಹೋಯಿತು. ಷಟ್ಕೋನದ ನಳಿಕೆಯ ಅವರ ರೈಫಲ್ ಬಹುದೂರ ಗುರಿ ಮುಟ್ಟುತ್ತಿತ್ತು. ಬ್ರಿಟಿಷ್ ಸೇನೆ ಒಪ್ಪಲಿಲ್ಲ, ಅಮೆರಿಕದ ಅಂತರ್ಯುದ್ಧದಲ್ಲಿ ಅದು ಜೀವಗಳನ್ನು ತೆಗೆಯಿತು. ಅವರ ಕಥೆಯಲ್ಲಿ ಇದನ್ನು ಮುಚ್ಚಿಡುವಂತಿಲ್ಲ.

1868ರಲ್ಲಿ ತಮ್ಮ ಹಣದಿಂದ ವರ್ಷಕ್ಕೆ 3,000 ಪೌಂಡ್ ತೆಗೆದಿಟ್ಟು, ಯಂತ್ರವಿದ್ಯೆ ಕಲಿಯುವ ಯುವಕರಿಗೆ ವಿದ್ಯಾರ್ಥಿವೇತನ ಸ್ಥಾಪಿಸಿದರು. ಪುಸ್ತಕದ ಜ್ಞಾನದ ಜತೆ ಕೈಕೆಲಸವೂ ಬರಬೇಕೆಂಬುದು ಅವರ ಷರತ್ತು. 1887ರ ಜನವರಿ 22ರಂದು ಮಾಂಟೆ ಕಾರ್ಲೊದಲ್ಲಿ ತೀರಿಕೊಂಡರು.

ಅವರ 55 ಡಿಗ್ರಿ ಕೊನೆಗೆ ಸೋತಿತು. ಅಮೆರಿಕನ್ನರದು 60 ಡಿಗ್ರಿ. ಎರಡನೇ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಬೋಲ್ಟ್‌ಗಳೇ ಪರಸ್ಪರ ಕೂಡದೆ ಪರದಾಟವಾಯಿತು. ಆಮೇಲೆ ಹುಟ್ಟಿದ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒದ ಒಂದನೇ ನಂಬರಿನ ತಾಂತ್ರಿಕ ಸಮಿತಿ ಸ್ಕ್ರೂ ಥ್ರೆಡ್‌ಗಳದ್ದೇ! ಇಂದಿನ ಮೆಟ್ರಿಕ್ ಥ್ರೆಡ್ 60 ಡಿಗ್ರಿಯದು. ಆದರೂ ನಮ್ಮ ಮನೆಯ ನಲ್ಲಿ-ಪೈಪುಗಳ ಥ್ರೆಡ್‌ನಲ್ಲಿ ವಿಟ್‌ವರ್ತ್‌ರ 55 ಡಿಗ್ರಿ ಇನ್ನೂ ಬದುಕಿದೆ.

ಇಂದು ಸಾಕೆಟ್ ಹಿಡಿಯುವವರು ಗಮನಿಸಬೇಕಾದ ಒಂದು ವ್ಯತ್ಯಾಸವಿದೆ. ಹಳೆಯ ವಿಟ್‌ವರ್ತ್ ಸ್ಪ್ಯಾನರ್ ಮೇಲೆ ಬೋಲ್ಟಿನ ದಪ್ಪ ಬರೆದಿರುತ್ತಿತ್ತು. ಮೆಟ್ರಿಕ್ ಸಾಕೆಟ್ ಮೇಲಿರುವುದು ತಲೆಯ ಎದುರುಬದುರು ಮುಖಗಳ ನಡುವಿನ ಅಳತೆ. ಹಾಗಾಗಿ ಎಂ6ಕ್ಕೆ 10, ಎಂ8ಕ್ಕೆ 13. ಆದರೆ ಜಪಾನಿ ಮೂಲದ ಬೈಕುಗಳಲ್ಲಿ ಎಂ8ಕ್ಕೆ 12 ಬೇಕಾಗುತ್ತದೆ. ಎಂ10ಕ್ಕಂತೂ ಹಳೆಯ ಜರ್ಮನ್ ಪದ್ಧತಿಯಲ್ಲಿ 17, ಐಎಸ್‌ಒದಲ್ಲಿ 16, ಜಪಾನಿ ವಾಹನಗಳಲ್ಲಿ 14. ಥ್ರೆಡ್ ಒಂದೇ, ತಲೆ ಮೂರು! 12ರ ತಲೆಗೆ 13ರ ಸಾಕೆಟ್ ಹಾಕಿ ಬಲ ಬಿಟ್ಟರೆ ಮೂಲೆಗಳು ಸವೆದು ಬೋಲ್ಟ್ ಉರುಟಾಗುತ್ತದೆ, ಆಮೇಲೆ ಬಿಚ್ಚುವುದೇ ಕಷ್ಟ.

ಅಂದರೆ ವಿಟ್‌ವರ್ತ್ ಆರಂಭಿಸಿದ ಕೆಲಸ ಇನ್ನೂ ಪೂರ್ತಿಯಾಗಿಲ್ಲ. ನನ್ನದೇ ಸರಿ ಎನ್ನುವ ಮೊದಲು ಎಲ್ಲರದನ್ನೂ ಅಳೆದು ನೋಡಿದ ಅವರ ತಾಳ್ಮೆ ನಾಳೆಯ ಎಂಜಿನಿಯರ್‌ಗಳಾದ ನಮಗೆ ಬೇಕಿದೆ. ಎಲ್ಲೋ ಒಂದು ಸಣ್ಣ ಊರಿನ ಮೆಕ್ಯಾನಿಕ್, ತಾನು ಎಂದೂ ನೋಡದ ದೇಶದ ಯಂತ್ರವನ್ನು ರಿಪೇರಿ ಮಾಡಬಲ್ಲನೇ ಎಂಬುದು ಈ ಒಪ್ಪಂದದ ಮೇಲೆಯೇ ನಿಂತಿದೆ.